71 ಎಂದು ಬರೆದಿದ್ದೆವು, 43ಕ್ಕೆ ಇಳಿಯಿತು: ಒಂದು ಕಾಡುಜೇನು ಸಮೀಕ್ಷೆಯ ಪ್ರಕರಣ ಅಧ್ಯಯನ

"ನಿಮ್ಮ 14ನೇ ಪ್ರಭೇದ ಮತ್ತು 15ನೇ ಪ್ರಭೇದ ಗಂಡ ಹೆಂಡತಿ. 22 ಜೇನೇ ಅಲ್ಲ, ನೊಣ. ಉಳಿದದ್ದು ನಿಧಾನವಾಗಿ ನೋಡಿ ಹೇಳುತ್ತೇನೆ."

ನಾವು ಹಿಡಿದ ಜೇನುಗಳನ್ನು ಗುರುತಿಸಲು ಒಪ್ಪಿದ್ದ ತಜ್ಞರಿಂದ ಇಷ್ಟೇ ಇದ್ದ ಪತ್ರ ಬಂದಾಗ ನಾವು ವರದಿಯ ಕೊನೇ ಕರಡು ಮುಗಿಸಿ ಮುಖಪುಟಕ್ಕೆ ಫೋಟೊ ಕೂಡ ಆರಿಸಿದ್ದೆವು. ಮುಖಪುಟದಲ್ಲಿ ಇದ್ದದ್ದು 22ನೆಯದ್ದೇ.

ಒಂದು ಪ್ರದೇಶದ ಕಾಡುಜೇನುಗಳ ವೈವಿಧ್ಯ ದಾಖಲಿಸಲು ಹೊರಟ ನಾಲ್ಕು ಜನ ಎರಡು ವರ್ಷ ಏನು ಮಾಡಿದೆವು, ಎಲ್ಲಿ ಎಡವಿದೆವು, ಎಲ್ಲಿ ದಾರಿ ಬದಲಾಯಿಸಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಜಾಗದ ಹೆಸರು, ಜನರ ಹೆಸರು, ಹಣ ಕೊಟ್ಟವರ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಜಾಗದ ಹೆಸರು ಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮುಂದೆ ಗೊತ್ತಾಗುತ್ತದೆ.

ಹಿನ್ನೆಲೆ

ಜಾಗ ಅಂಥ ದೊಡ್ಡದೇನಲ್ಲ. ನಡುವೆ ಒಂದು ಕಲ್ಲುಗುಡ್ಡ, ಸುತ್ತ ಕುರುಚಲು ಕಾಡು, ಅದರಾಚೆ ಹೊಲ, ಒಂದು ಮೂಲೆಯಲ್ಲಿ ಕೆರೆ. ನಾಲ್ವರಲ್ಲಿ ಒಬ್ಬರು ಗಿಡಗಳನ್ನು ಚೆನ್ನಾಗಿ ಬಲ್ಲವರು, ಒಬ್ಬರು ಫೋಟೊಗ್ರಾಫರ್, ಒಬ್ಬ ವಿದ್ಯಾರ್ಥಿ. ನಾಲ್ಕನೆಯವನು ನಾನು, ಲೆಕ್ಕಪತ್ರ ನೋಡಿಕೊಳ್ಳುವವನು. ಜೇನಿನ ವರ್ಗೀಕರಣ ಕಲಿತವರು ಒಬ್ಬರೂ ಇರಲಿಲ್ಲ. ಆಗ ಅದು ಕೊರತೆ ಅಂತ ಅನ್ನಿಸಲೇ ಇಲ್ಲ. ಗುರುತಿಸುವುದು ಕೊನೆಯ ಕೆಲಸ, ಆ ಹೊತ್ತಿಗೆ ಯಾರನ್ನಾದರೂ ಕೇಳಿದರಾಯಿತು ಅಂದುಕೊಂಡಿದ್ದೆವು.

ಹಣ ಕೊಟ್ಟವರು ಕೇಳಿದ್ದು ಒಂದೇ ಪ್ರಶ್ನೆ. ಇಲ್ಲಿ ಎಷ್ಟು ಬಗೆಯ ಕಾಡುಜೇನು ಇವೆ? ಅವರಿಗೆ ಒಂದು ಸಂಖ್ಯೆ ಬೇಕಿತ್ತು. ನಮಗೂ ಅಷ್ಟೇ ಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಕಾಡುಜೇನು ಅನ್ನೋ ಮಾತಿನಲ್ಲೇ ಒಂದು ತೊಡಕಿದೆ. ಜೇನು ಅಂದ ಕೂಡಲೇ ತಲೆಗೆ ಬರುವುದು ತುಪ್ಪ, ಹುಟ್ಟು, ಹೆಜ್ಜೇನು, ತುಡುವೆ, ಕೋಲುಜೇನು. ಆದರೆ ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟಿರುವ ಜೇನಿನ ಪ್ರಭೇದಗಳು 20,000ಕ್ಕೂ ಜಾಸ್ತಿ. ಒಟ್ಟು ಏಳು ಕುಟುಂಬ, ಅದರಲ್ಲಿ ಒಂದು ಆಸ್ಟ್ರೇಲಿಯಾ ಬಿಟ್ಟು ಬೇರೆಲ್ಲೂ ಇಲ್ಲ. ಇವುಗಳಲ್ಲಿ ಬಹುಪಾಲು ತುಪ್ಪ ಕೂಡಿಡುವುದಿಲ್ಲ. ರಾಣಿ ಇಲ್ಲ, ಆಳುಗಳಿಲ್ಲ. ಒಂದು ಹೆಣ್ಣು, ಅದರದ್ದೇ ಒಂದು ಬಿಲ, ಬಿಲದಲ್ಲಿ ಒಂದಷ್ಟು ಕೋಣೆ, ಪ್ರತಿ ಕೋಣೆಯಲ್ಲಿ ಪರಾಗದ ಉಂಡೆ, ಉಂಡೆಯ ಮೇಲೊಂದು ಮೊಟ್ಟೆ. ಮುಗಿಯಿತು ಸಂಸಾರ. ಹೆಚ್ಚಿನವು ನೆಲದಲ್ಲೇ ಬಿಲ ತೋಡುತ್ತವೆ, ಕೆಲವು ಕಡ್ಡಿಯೊಳಗೆ, ಕೆಲವು ಮರದಲ್ಲಿ. ಇರುವೆಯಷ್ಟು ಚಿಕ್ಕವೂ ಇವೆ, ಹೆಬ್ಬೆರಳಿನಷ್ಟು ದಪ್ಪ ಕಾಣುವ ಬಡಗಿ ದುಂಬಿಗಳೂ ಇವೆ.

ನಾವು ಹುಡುಕಬೇಕಿದ್ದದ್ದು ಇವೆಲ್ಲವನ್ನೂ.

ಮೊದಲ ವರ್ಷ, ಬಟ್ಟಲುಗಳು

ನೀಲಿ, ಹಳದಿ, ಬಿಳಿ ಬಣ್ಣದ ಪುಟ್ಟ ಬಟ್ಟಲುಗಳು, ಒಳಗೆ ನೀರು, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಬಣ್ಣ ನೋಡಿ ಹೂವು ಅಂತ ಜೇನು ಬರುತ್ತದೆ. ಬರೀ ನೀರಾದರೆ ಚಿಕ್ಕದು ಮೇಲೆ ಕೂತು ಎದ್ದು ಹೋಗಿಬಿಡುತ್ತದೆ, ಸೋಪು ಬಿದ್ದರೆ ನೀರಿನ ಮೇಲ್ಪದರದ ಬಿಗಿ ಸಡಿಲವಾಗಿ ಮುಳುಗುತ್ತದೆ. ಗುಡ್ಡ, ಕುರುಚಲು, ಹೊಲದ ಬದು, ಕೆರೆ ದಂಡೆ, ಈ ನಾಲ್ಕು ಕಡೆ ತಲಾ 24 ಬಟ್ಟಲು, ಒಂದಕ್ಕೊಂದು 5 ಮೀಟರ್ ದೂರ. ಹತ್ತಿರ ಇಟ್ಟರೆ ಒಂದರ ಪಾಲನ್ನು ಇನ್ನೊಂದು ಕಿತ್ತುಕೊಳ್ಳುತ್ತದೆ. ಬೆಳಗ್ಗೆ 9ಕ್ಕೆ ಇಟ್ಟು ಮಧ್ಯಾಹ್ನ 3ಕ್ಕೆ ತೆಗೆಯುವುದು, ಎರಡು ವಾರಕ್ಕೊಮ್ಮೆ.

ಬಟ್ಟಲಿನ ದೊಡ್ಡ ಗುಣ ಅಂದರೆ ಕೈಚಳಕ ಬೇಡ. ವಿದ್ಯಾರ್ಥಿ ಬಲೆ ಬೀಸಿದರೆ ಜೇನು ಬರುತ್ತಿತ್ತು, ನಾನು ಬೀಸಿದರೆ ಎಲೆ ಬರುತ್ತಿತ್ತು. ಬಟ್ಟಲಿಗೆ ಎಲ್ಲರೂ ಒಂದೇ. ಹಾಗಾಗಿ ಇಡೀ ವರ್ಷ ಬಟ್ಟಲನ್ನೇ ನೆಚ್ಚಿಕೊಂಡೆವು. ಬಲೆ ಸುಮ್ನೆ ಜೊತೆಗಿರಲಿ ಅಂತ ಇಟ್ಟುಕೊಂಡದ್ದು.

ಮೊದಲ ದಿನವೇ ನೂರಾರು ಬಿದ್ದವು. ನೀರಿನಿಂದ ತೆಗೆದ ಜೇನು ನೋಡಿದ್ದೀರಾ? ಕೂದಲೆಲ್ಲ ಮೈಗೆ ಅಂಟಿಕೊಂಡು ಮಳೆಯಲ್ಲಿ ನೆಂದ ನಾಯಿಮರಿ ತರ ಇರುತ್ತದೆ. ಹೊಟ್ಟೆಯ ಮೇಲಿನ ಬಿಳಿ ಪಟ್ಟೆ ಬಹಳ ಸಲ ಚರ್ಮದ ಬಣ್ಣ ಆಗಿರುವುದಿಲ್ಲ, ಕೂದಲಿನ ಸಾಲು ಆಗಿರುತ್ತದೆ. ಕೂದಲು ಅಂಟಿದರೆ ಪಟ್ಟೆ ಮಾಯ. ನಮಗೆ ಅದು ಗೊತ್ತಿರಲಿಲ್ಲ. ಒದ್ದೆಯಾಗಿ ಒಣಗಿದ್ದಕ್ಕೆ ಹಾಗೇ ಸೂಜಿ ಚುಚ್ಚಿ ಮಾದರಿಗಳ ಪೆಟ್ಟಿಗೆಗೆ ಹಾಕಿದೆವು, ಪಟ್ಟೆ ಕಂಡದ್ದು ಒಂದು ಪ್ರಭೇದ, ಕಾಣದ್ದು ಇನ್ನೊಂದು ಅಂತ ಬೇರೆ ಬೇರೆ ಸಾಲಿನಲ್ಲಿಟ್ಟೆವು. ಪಟ್ಟಿ ಬೆಳೆಯುತ್ತಾ ಹೋಯಿತು, ನಮಗೂ ಖುಷಿ.

ಸರಿಯಾದ ಕ್ರಮ ಕಲಿತದ್ದು ಆಮೇಲೆ. ಡಬ್ಬಿಯಲ್ಲಿ ಸೋಪು ನೀರು ಹಾಕಿ ಮೆಲ್ಲಗೆ ಕುಲುಕಬೇಕು, ಬರೀ ನೀರಿನಲ್ಲಿ ಜಾಲಿಸಬೇಕು, ಆಲ್ಕೋಹಾಲಿನಲ್ಲಿ ಅದ್ದಬೇಕು, ಆಮೇಲೆ ಬಾಯಿಗೆ ಜಾಲರಿ ಕಟ್ಟಿದ ಡಬ್ಬಿಯೊಳಗೆ ಹಾಕಿ ಹೇರ್ ಡ್ರೈಯರ್ ಹಿಡಿಯಬೇಕು. ಜೇನುಗಳು ಒಳಗೆ ಗಿರಗಿರ ತಿರುಗುತ್ತವೆ, ನೋಡನೋಡುತ್ತಲೇ ಕೂದಲು ಒಂದೊಂದೇ ಎದ್ದು ನಿಲ್ಲುತ್ತದೆ, ಕಪ್ಪು ಮುದ್ದೆಯಾಗಿದ್ದದ್ದು ಹಳದಿ ಎದೆಯ ಬಿಳಿ ಪಟ್ಟೆಯ ಜೇನಾಗಿ ಹೊರಗೆ ಬರುತ್ತದೆ. ಇದನ್ನು ಮೊದಲ ಸಲ ಮಾಡಿದ ದಿನ ಎಂಟು "ಪ್ರಭೇದ" ಕರಗಿ ಹೋದವು.

ನೀಲಿಯಾದ ಕೊಳವೆಗಳು

ಇದೊಂದು ಚಿಕ್ಕ ವಿಷಯ, ಆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೂಜಿ ಚುಚ್ಚಲು ಪುರುಸೊತ್ತಿಲ್ಲದ ವಾರಗಳಲ್ಲಿ ಜೇನುಗಳನ್ನು ಗಾಜಿನ ಕೊಳವೆಯಲ್ಲಿ ಆಲ್ಕೋಹಾಲ್ ಹಾಕಿ ಇಡುತ್ತಿದ್ದೆವು. ಒಳಗೆ ಒಂದು ಚೀಟಿ, ಅದರಲ್ಲಿ ಜಾಗ, ದಿನ, ಹಿಡಿದ ಬಗೆ, ಹಿಡಿದವರು. ಮೂರು ವಾರದ ಮೇಲೆ ತೆಗೆದು ನೋಡಿದರೆ ನಾಲ್ಕು ಕೊಳವೆಗಳ ದ್ರವ ತಿಳಿನೀಲಿ. ಚೀಟಿ ಅಚ್ಚ ಬಿಳಿ. ಅವನ್ನು ಬಾಲ್ ಪೆನ್ನಿನಲ್ಲಿ ಬರೆದಿದ್ದೆವು, ಶಾಯಿ ಆಲ್ಕೋಹಾಲಿನಲ್ಲಿ ಪೂರ್ತಿ ಕರಗಿತ್ತು. ಆ ನಾಲ್ಕರಲ್ಲಿ ಬೇರೆಲ್ಲೂ ಸಿಗದ ನಾಲ್ಕು ಬಗೆಯ ಜೇನು ಇದ್ದವು. ಎಲ್ಲಿ ಹಿಡಿದದ್ದು, ಯಾವಾಗ ಹಿಡಿದದ್ದು ಗೊತ್ತಿಲ್ಲದ ಜೇನು ಬರೀ ಸತ್ತ ಹುಳು. ನಾಲ್ಕನ್ನೂ ಕೊನೆಗೆ ಪಟ್ಟಿಯಿಂದ ತೆಗೆಯಬೇಕಾಯಿತು.

ಆವತ್ತಿನಿಂದ ಪೆನ್ಸಿಲ್. ದಿನಾಂಕದಲ್ಲಿ ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವುದನ್ನೂ ಆಗಲೇ ಶುರು ಮಾಡಿದೆವು. 5/6 ಅಂದರೆ ಜೂನ್ 5 ಎಂದು ಒಬ್ಬರು ಓದಿದರೆ ಮೇ 6 ಎಂದು ಇನ್ನೊಬ್ಬರು ಓದುತ್ತಾರೆ. ನಮ್ಮ ನಾಲ್ವರ ನಡುವೆಯೇ ಆ ಗೊಂದಲ ಆಗಿತ್ತು.

ಮಳೆ ಬಂದಾಗ ಬಟ್ಟಲು ಖಾಲಿ

ಒಣ ತಿಂಗಳುಗಳಲ್ಲಿ ಬಟ್ಟಲು ತುಂಬುತ್ತಿತ್ತು. ಮಳೆ ಬಿದ್ದು, ನೆಲ ಹಸಿರಾಗಿ, ಕುರುಚಲಿನ ತುಂಬ ಹೂವು ಬಂತು. ಈಗ ನೋಡಿ ಸುಗ್ಗಿ ಅಂತ ಬಟ್ಟಲು ಹೆಚ್ಚಿಗೆ ತೊಳೆದಿಟ್ಟುಕೊಂಡು ಹೋದೆವು. ಆ ದಿನ 24 ಬಟ್ಟಲಿನಲ್ಲಿ ಸಿಕ್ಕಿದ್ದು ಏಳು ಜೇನು. ಮುಂದಿನ ಸಲವೂ ಹಾಗೇ.

ಸಂಜೆ ಕೂತು ಮಾತಾಡಿದೆವು. ನಾನು ಗ್ರಾಫ್ ಹಾಕಿದ್ದೆ, ಗೆರೆ ನೆಟ್ಟಗೆ ಕೆಳಗಿಳಿದಿತ್ತು. ಮಳೆಯ ನಂತರ ಕಾಡುಜೇನುಗಳ ಸಂಖ್ಯೆ ಕುಸಿಯುತ್ತದೆ ಎಂದು ವರದಿಗೆ ಒಂದು ವಾಕ್ಯ ಕೂಡ ಬರೆದುಬಿಟ್ಟಿದ್ದೆ. ನೆಲದಲ್ಲಿ ಗೂಡು ಮಾಡುವವು ಅಲ್ವಾ, ಬಿಲಕ್ಕೆ ನೀರು ನುಗ್ಗಿ ಸತ್ತಿರುತ್ತವೆ ಅಂತ ಕಾರಣವನ್ನೂ ಕಟ್ಟಿದ್ದೆ. ಕೇಳಲು ಚೆನ್ನಾಗಿತ್ತು.

ಗಿಡ ಬಲ್ಲವರು ಒಪ್ಪಲಿಲ್ಲ. ವಾದವನ್ನೂ ಮಾಡಲಿಲ್ಲ. ಮಾರನೇ ದಿನ ನಮ್ಮನ್ನೆಲ್ಲ ಬಟ್ಟಲಿನ ಸಾಲಿನ ಪಕ್ಕದ ಒಂದು ತುಂಬೆ ಪೊದೆಯ ಮುಂದೆ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ನೋಡಿ ಅಂದರು. ಗುಯ್ ಅನ್ನುವ ಸದ್ದೇ ನಿಲ್ಲುತ್ತಿರಲಿಲ್ಲ. ನೀಲಿ ಪಟ್ಟೆಯ ಅಮೆಗಿಲ್ಲಾ ಎನ್ನುವ ಒಂಟಿ ಜೇನುಗಳು ಬಾಣದ ಹಾಗೆ ಬಂದು ಹೂವಿನ ಮುಂದೆ ಗಾಳಿಯಲ್ಲೇ ನಿಂತು ನಾಲಗೆ ಚಾಚುತ್ತಿದ್ದವು. ಎರಡು ಹೆಜ್ಜೆ ಆಚೆ ನಮ್ಮ ನೀಲಿ ಬಟ್ಟಲು, ಅದರೊಳಗೆ ಒಂದು ಸೊಳ್ಳೆ.

ನಿಜವಾದ ಹೂವು ಇಲ್ಲದಾಗ ಬಟ್ಟಲು ಹೂವಿನಂತೆ ಕಾಣುತ್ತದೆ. ಹೂವು ತುಂಬಿದಾಗ ಬಟ್ಟಲನ್ನು ಯಾರು ಕೇಳುತ್ತಾರೆ? ನಾನು ಹಾಕಿದ ಗ್ರಾಫ್ ಹೂವಿನ ಗ್ರಾಫ್ ಆಗಿತ್ತು, ತಲೆಕೆಳಗಾಗಿ. ಬಟ್ಟಲು ಬಳಸುವವರಿಗೆ ಇದು ಮೊದಲೇ ಗೊತ್ತಿರುವ ದೋಷ ಅಂತ ಆಮೇಲೆ ಓದಿ ತಿಳಿಯಿತು. ಇನ್ನೊಂದು ದೋಷವೂ ಇದೆ. ಬಟ್ಟಲಿಗೆ ಬೀಳುವುದು ಜಾಸ್ತಿ ಹಾಲಿಕ್ಟಿಡೇ ಕುಟುಂಬದ ಚಿಕ್ಕವು. ಬಡಗಿ ದುಂಬಿಯಂಥ ದೊಡ್ಡವು, ಹುಟ್ಟು ಕಟ್ಟುವ ಜೇನುಗಳು ಬೀಳುವುದು ಅಪರೂಪ. ಅಂದರೆ ವರ್ಷವಿಡೀ ನಾವು ಒಂದೇ ಬಗೆಯ ಅತಿಥಿಗಳನ್ನು ಎಣಿಸಿ ಊರಿನ ಜನಗಣತಿ ಅಂದುಕೊಂಡಿದ್ದೆವು.

ಆ ವಾಕ್ಯ ಅಳಿಸಿದೆ. ಈ ಇಡೀ ಕೆಲಸದಲ್ಲಿ ನಾವು ಮಾಡಿದ ಅತಿ ಒಳ್ಳೆಯ ತಿದ್ದುಪಡಿ ಅದೇ ಇರಬೇಕು.

ಕೊಲ್ಲಬೇಕಾ?

ಫೋಟೊಗ್ರಾಫರ್ ಮೊದಲಿನಿಂದಲೂ ಕೊಲ್ಲುವುದಕ್ಕೆ ವಿರುದ್ಧ. ವೈವಿಧ್ಯ ಉಳಿಸಲು ಹೊರಟವರು ಬುಟ್ಟಿಗಟ್ಟಲೆ ಕೊಲ್ಲುವುದು ಯಾವ ನ್ಯಾಯ ಅಂತ ಅವರ ಪ್ರಶ್ನೆ. ವಿದ್ಯಾರ್ಥಿ ಹೇಳಿದ್ದು, ಫೋಟೊದಲ್ಲಿ ಹೆಸರು ಸಿಗುವುದಾದರೆ ನಾನೂ ಬಲೆ ಬಿಟ್ಟುಬಿಡುತ್ತೇನೆ. ಇಬ್ಬರೂ ಸರಿ. ಲೇಸಿಯೋಗ್ಲಾಸಮ್ ಎನ್ನುವ ಕುಲದ (ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು) ಚಿಕ್ಕ ಕಪ್ಪು ಜೇನುಗಳಲ್ಲಿ ಒಂದನ್ನೊಂದು ಬೇರೆ ಮಾಡುವುದು ಎದೆಯ ಮೇಲಿನ ಚುಕ್ಕೆಗುಳಿಗಳು ಎಷ್ಟು ಒತ್ತಾಗಿವೆ ಎಂಬಂಥ ಸಂಗತಿ, ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಹಾರುವ ಜೇನಿನ ಫೋಟೊದಲ್ಲಿ ಅದು ಕಾಣುವುದಿಲ್ಲ.

ಒಂದು ತಿಂಗಳು ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಕಣ್ಣಿಗೆ ಗುರುತು ಸಿಗುವ ದೊಡ್ಡವನ್ನು ಒಂದೆರಡು ಮಾದರಿ ಬಿಟ್ಟರೆ ಫೋಟೊದಲ್ಲೇ ದಾಖಲಿಸುವುದು, ಚಿಕ್ಕವನ್ನು ಮಾತ್ರ ಹಿಡಿಯುವುದು, ಗೂಡಿನ ಬಾಯಲ್ಲಿ ಯಾವುದನ್ನೂ ಹಿಡಿಯದಿರುವುದು, ಬಟ್ಟಲಿನ ದಿನಗಳನ್ನು ಅರ್ಧಕ್ಕೆ ಇಳಿಸುವುದು. ಹಿಡಿದ ಪ್ರತಿಯೊಂದಕ್ಕೂ ಚೀಟಿ ಇರಲೇಬೇಕು, ಚೀಟಿ ಬರೆಯಲು ಆಗದಷ್ಟು ಹಿಡಿಯಬಾರದು. ಈ ಕೊನೇ ನಿಯಮ ಫೋಟೊಗ್ರಾಫರ್ ಸೇರಿಸಿದ್ದು, ಉಳಿದೆಲ್ಲ ನಿಯಮಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತು.

ಬಲೆ ಹಿಡಿಯದ ಅವರಿಗೆ ಸಂಜೆ ಹೊತ್ತು ಖಾಲಿ ಇರುತ್ತಿತ್ತು. ಒಂದು ದಿನ ಕತ್ತಲಾಗುವ ಮುಂಚೆ ಫೋನ್ ಮಾಡಿ ಬೇಗ ಬನ್ನಿ ಅಂದರು. ಕೆರೆ ದಂಡೆಯಲ್ಲಿ ಒಂದು ಒಣ ಹುಲ್ಲುಕಡ್ಡಿ, ಅದರ ಮೇಲೆ ಒಂಬತ್ತು ಅಮೆಗಿಲ್ಲಾಗಳು ಸಾಲಾಗಿ ನಿದ್ದೆ ಮಾಡುತ್ತಿವೆ. ಕಾಲಲ್ಲಿ ಹಿಡಿದಿಲ್ಲ, ದವಡೆಯಲ್ಲಿ ಕಡ್ಡಿ ಕಚ್ಚಿಕೊಂಡು ಮೈಯನ್ನು ಗಾಳಿಗೆ ಚಾಚಿವೆ. ಗಾಳಿ ಬೀಸಿದರೆ ಒಂಬತ್ತೂ ಒಟ್ಟಿಗೆ ತೂಗುತ್ತವೆ. ಎಲ್ಲವೂ ಗಂಡು. ಬಿಲ ತೋಡುವುದು ಹೆಣ್ಣಿನ ಕೆಲಸ, ಅದು ರಾತ್ರಿ ಬಿಲದಲ್ಲೇ ಇರುತ್ತದೆ. ಗಂಡಿಗೆ ಮನೆ ಇಲ್ಲ.

ಚೆಂದದ ಫೋಟೊ ಬಂತು, ಸರಿ. ಆದರೆ ಆ ಕಡ್ಡಿ ನಮಗೆ ಎಷ್ಟು ಬೆಲೆಬಾಳುವುದು ಅಂತ ಗೊತ್ತಾದದ್ದು ತಜ್ಞರ ಎರಡನೇ ಪತ್ರ ಬಂದ ಮೇಲೆ.

ಪಟ್ಟಿ ಕುಗ್ಗಿದ್ದು

ಗುರುತಿಸಿಕೊಡಲು ಒಪ್ಪಿದ ತಜ್ಞರಿಗೆ ನಾವು 71 ಬಗೆಗಳನ್ನು ಕಳಿಸಿದ್ದೆವು. ಮೊದಲ ಪತ್ರದ ಮಾತು ಮೇಲೆ ಹೇಳಿದೆನಲ್ಲ. ಎರಡನೆಯದು ಆರು ಪುಟ.

ಮೂರು ನೊಣ ಇದ್ದವು. ಜೇನಿನ ವೇಷ ಹಾಕುವ ಹೂನೊಣಗಳು, ನೊಣಕ್ಕೆ ಎರಡೇ ರೆಕ್ಕೆ, ಜೇನಿಗೆ ನಾಲ್ಕು, ಮೀಸೆ ನೊಣಕ್ಕೆ ಗಿಡ್ಡ. ಇಷ್ಟು ನೋಡಿದ್ದರೆ ಸಾಕಿತ್ತು. ನಾಲ್ಕು ಕಣಜ. ಅಲ್ಲಿಗೆ 64. ಹದಿಮೂರು ಕಡೆ ಗಂಡನ್ನೂ ಹೆಣ್ಣನ್ನೂ ಎರಡು ಪ್ರಭೇದ ಮಾಡಿದ್ದೆವು. 14 ಮತ್ತು 15 ಒಂದು ಬಡಗಿ ದುಂಬಿ, ಹೆಣ್ಣು ಕಪ್ಪು, ಎದೆ ಮೇಲೆ ಮಾತ್ರ ಹಳದಿ, ಗಂಡು ಪೂರ್ತಿ ಹೊಂಬಣ್ಣ. ಅವೆರಡು ಒಂದೇ ಅಂತ ಯಾರು ನಂಬುತ್ತಾರೆ ಹೇಳಿ? ಗಂಡು ಹೆಣ್ಣು ಗೊತ್ತು ಮಾಡಲು ಮೀಸೆಯ ಗೆಣ್ಣು ಎಣಿಸಬೇಕು. ಹೆಣ್ಣಿಗೆ 12, ಗಂಡಿಗೆ 13. ಇದು ಗೊತ್ತಿದ್ದರೆ ಆ ಹದಿಮೂರು ತಪ್ಪೂ ಒಂದು ಮಧ್ಯಾಹ್ನದಲ್ಲಿ ತಿದ್ದಬಹುದಿತ್ತು. ಅಲ್ಲಿಗೆ 51. ಒದ್ದೆ ಕೂದಲಿನ ಎಂಟು, ಚೀಟಿ ಕಳೆದುಕೊಂಡ ನಾಲ್ಕು ಹೋಗಿ 39.

ಆಮೇಲೆ ಆರನೇ ಪುಟದಲ್ಲಿ ಒಂದು ಸಾಲು. ನಾವು "ಚಿಕ್ಕ ಕಪ್ಪು" ಎಂದು ಒಂದೇ ಹೆಸರಿನಲ್ಲಿ ಗುಡ್ಡೆ ಹಾಕಿದ್ದ ಲೇಸಿಯೋಗ್ಲಾಸಮ್‌ಗಳಲ್ಲಿ ಐದು ಪ್ರಭೇದ ಇವೆ. ಹಾಗಾಗಿ 43.

ಗಮನಿಸಿ, ತಪ್ಪು ಎರಡೂ ಕಡೆಗೆ ಆಗಿತ್ತು. ಕಣ್ಣಿಗೆ ಬೇರೆ ಬೇರೆ ಕಂಡದ್ದು ಒಂದೇ ಆಗಿತ್ತು, ಒಂದೇ ಥರ ಕಂಡದ್ದು ಐದಾಗಿತ್ತು. ಬರೀ ಹೆಚ್ಚು ಎಣಿಸಿದ್ದೇವೆ ಅಂತ ಶೇಕಡಾ ಇಷ್ಟು ಕಳೆದು ಹಾಕಿದ್ದರೆ ಅದೂ ತಪ್ಪೇ ಆಗುತ್ತಿತ್ತು.

ಪತ್ರದ ಕೊನೆಯಲ್ಲಿ ತಜ್ಞರು ಕೇಳಿದ್ದರು, ಬಹುತೇಕ ಹೆಣ್ಣುಗಳನ್ನೇ ಕಳಿಸಿದ್ದೀರಿ, ಗಂಡು ಎಲ್ಲಿ? ಅನೇಕ ಕುಲಗಳಲ್ಲಿ ಪ್ರಭೇದ ಖಚಿತ ಆಗುವುದು ಗಂಡಿನ ಜನನಾಂಗದ ಆಕಾರದಿಂದ. ಅದನ್ನು ಹೊರಗೆಳೆದು ನೋಡದೆ ಅವರು ಹೆಸರು ಬರೆಯುವುದಿಲ್ಲ. ಪರಾಗಕ್ಕೆ ಹೂವಿನಿಂದ ಹೂವಿಗೆ ಅಲೆಯುವುದು ಹೆಣ್ಣು, ನಾವು ಹೂವಿನ ಹತ್ತಿರವೇ ನಿಂತಿದ್ದೆವು, ಹೆಣ್ಣೇ ಸಿಕ್ಕಿತ್ತು.

ಫೋಟೊಗ್ರಾಫರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕಡ್ಡಿಯಿಂದ ಎರಡು ತಗೊಳ್ಳಿ, ಎರಡೇ, ಅಂದರು.

ವರದಿ ಏನಾಯಿತು? ಹಣ ಕೊಟ್ಟವರಿಗೆ 71 ಎಂದು ಬಾಯಿಮಾತಿನಲ್ಲಿ ಆಗಲೇ ಹೇಳಿದ್ದೆವು. ನಾನು ಒಂದು ವಾರ ಈ ಸುದ್ದಿಯನ್ನು ಅವರಿಗೆ ತಿಳಿಸದೆ ಮುಂದೂಡಿದೆ. ಆಮೇಲೆ ಎರಡೂ ಪಟ್ಟಿ, ತಜ್ಞರ ಆರು ಪುಟ, ಎಲ್ಲ ಸೇರಿಸಿ ಕಳಿಸಿ ಇನ್ನೊಂದು ವರ್ಷ ಕೇಳಿದೆವು. ಕೊಟ್ಟರು. ಕಡಿಮೆ ಸಂಖ್ಯೆ ತಂದವರಿಗೆ ಯಾಕೆ ಕೊಟ್ಟರು ಅಂತ ನನಗೆ ಆಗ ಆಶ್ಚರ್ಯವಾಗಿತ್ತು.

ಎರಡನೇ ವರ್ಷ

ಈ ಸಲ ಮೊದಲು ಮಾಡಿದ್ದು ಎಲ್ಲರೂ ಎರಡು ವಾರ ಕೂತು ಕುಲದವರೆಗೆ ಗುರುತಿಸಲು ಕಲಿತದ್ದು. ಪ್ರಭೇದ ತಜ್ಞರಿಗೆ ಬಿಟ್ಟದ್ದು, ಕುಲ ನಮ್ಮ ಕೈಯಲ್ಲಿ ಆಗಬೇಕು.

ಬಲೆಗೆ ಗಡಿಯಾರ ಕಟ್ಟಿದೆವು. ಒಂದು ಜಾಗಕ್ಕೆ 30 ನಿಮಿಷ, ಜೇನನ್ನು ಡಬ್ಬಿಗೆ ಹಾಕುವಾಗ ಗಡಿಯಾರ ನಿಲ್ಲಿಸಬೇಕು, ಇಲ್ಲದಿದ್ದರೆ ಜಾಸ್ತಿ ಸಿಕ್ಕ ದಿನವೇ ಹುಡುಕಾಟಕ್ಕೆ ಕಡಿಮೆ ಸಮಯ ಸಿಗುತ್ತದೆ. ಯಾವ ಹೂವಿನ ಮೇಲೆ ಹಿಡಿದದ್ದು ಅಂತ ಚೀಟಿಯಲ್ಲಿ ಕಡ್ಡಾಯ. ಹೊತ್ತನ್ನೂ ಹರಡಿದೆವು. ಕುಂಬಳ ಜಾತಿಯ ಹೂವು ಬೆಳಕು ಹರಿಯುವಾಗಲೇ ಅರಳುತ್ತದೆ, 9ಕ್ಕೆ ಹೋದ ನಮಗೆ ಸಿಕ್ಕುತ್ತಿದ್ದದ್ದು ಬಾಡುವ ಹೂವು. ಬದನೆ ಹೂವಿನ ಮುಂದೆ ಬೆಳಗ್ಗೆ ನಿಂತರೆ ಬಡಗಿ ದುಂಬಿ, ಅಮೆಗಿಲ್ಲಾ ಬಂದು ಹೂವನ್ನು ಅಪ್ಪಿ ಜೋರಾಗಿ ಕಂಪಿಸುವುದು ಕೇಳಿಸುತ್ತದೆ, ಹಾರುವಾಗಿನ ಸದ್ದಿಗಿಂತ ತೀಕ್ಷ್ಣ. ಆ ಹೂವಿನ ಪರಾಗ ತುದಿಯ ತೂತಿನಿಂದ ಉದುರುವುದು, ಕಂಪಿಸದೆ ಸರಿಯಾಗಿ ಬರುವುದಿಲ್ಲ. ತುಪ್ಪದ ಜೇನುಗಳಿಗೆ ಈ ವಿದ್ಯೆ ಬಾರದು. ಕಣ್ಣಿಗಿಂತ ಕಿವಿ ಮೊದಲು ಹೇಳುತ್ತಿತ್ತು ಯಾರು ಬಂದರು ಅಂತ.

ಇನ್ನೊಂದು ಎಳೆ ಹಳೇ ಪೆಟ್ಟಿಗೆಯಿಂದಲೇ ಸಿಕ್ಕಿತು. ಮೊದಲ ವರ್ಷ ಗುಡ್ಡದ ಬಟ್ಟಲಿನಲ್ಲಿ ಚೂಪು ಬಾಲದ ಸೀಲಿಯಾಕ್ಸಿಸ್ ಎರಡು ಬಿದ್ದಿದ್ದವು. ಇದು ಕೋಗಿಲೆ ಜೇನು, ತಾನು ಗೂಡು ಮಾಡದೆ ಹೆಚ್ಚಾಗಿ ಎಲೆ ಕತ್ತರಿಸುವ ಮೆಗಾಕೈಲಿಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಗುಡ್ಡದ ಪಟ್ಟಿಯಲ್ಲಿ ಮೆಗಾಕೈಲಿ ಒಂದೂ ಇರಲಿಲ್ಲ. ಕಳ್ಳ ಇದ್ದಾನೆ, ಮನೆ ಇಲ್ಲ ಅಂದರೆ ಹೇಗೆ? ಟೊಳ್ಳು ಕಡ್ಡಿಗಳನ್ನು ಬೇರೆ ಬೇರೆ ಅಗಲದ್ದು ಕಟ್ಟು ಕಟ್ಟಿ ಮರಕ್ಕೆ ತೂಗುಹಾಕಿದೆವು. ಕೆಲ ವಾರದಲ್ಲಿ ಹನ್ನೊಂದು ಕಡ್ಡಿಗಳ ಬಾಯಿ ದುಂಡಗೆ ಕತ್ತರಿಸಿದ ಎಲೆಯಿಂದ ಮುಚ್ಚಿತ್ತು. ಒಳಗಿಂದ ಮೂರು ಬಗೆಯ ಮೆಗಾಕೈಲಿ ಬಂದವು, ಒಂದು ಕಡ್ಡಿಯಿಂದ ಸೀಲಿಯಾಕ್ಸಿಸ್ಸೇ ಬಂತು.

ಪ್ರಶ್ನೆ ಕೇಳುವ ಬಗೆಯನ್ನೂ ಬದಲಾಯಿಸಿದೆವು. ಮೊದಲ ವರ್ಷ ಹೊಲದವರನ್ನು "ಇಲ್ಲಿ ಜೇನು ಎಲ್ಲಿದೆ" ಎಂದು ಕೇಳಿ ಹೆಜ್ಜೇನಿನ ಬಂಡೆ ನೋಡಿ ಬಂದಿದ್ದೆವು. ಈ ಸಲ "ಮಣ್ಣಲ್ಲಿ ತೂತು ಕೊರೆದು ಒಳಗೆ ಹೋಗುವ ಹುಳ ನೋಡಿದ್ದೀರಾ" ಅಂದೆವು. ಒಬ್ಬ ಅಜ್ಜಿ ಮಾತಾಡದೆ ತಮ್ಮ ಹಳೇ ಮಣ್ಣುಗೋಡೆ ತೋರಿಸಿದರು. ಪೆನ್ಸಿಲ್ ಗಾತ್ರದ ನೂರಾರು ತೂತು, ಅಮೆಗಿಲ್ಲಾಗಳು ಒಳಗೂ ಹೊರಗೂ ಓಡಾಡುತ್ತಿವೆ, ಗೋಡೆಯ ಮುಂದೆ ನೀಲಿ ಚುಕ್ಕೆಯ ಥೈರಿಯಸ್ ಎನ್ನುವ ಇನ್ನೊಂದು ಕೋಗಿಲೆ ಜೇನು ಯಾವ ಮನೆ ಖಾಲಿ ಇದೆ ಅಂತ ನೋಡುತ್ತಾ ತೇಲುತ್ತಿದೆ. ಅಜ್ಜಿ ಇವನ್ನು ವರ್ಷಗಳಿಂದ ನೋಡುತ್ತಿದ್ದರು. ಅವು ಕಚ್ಚಲ್ಲ, ಅದಕ್ಕೇ ಬಿಟ್ಟಿದ್ದೀನಿ ಅಂದರು.

ದಾರಿ ಅಗಲವಾದದ್ದು

ಹಾಗೆ ಕೇಳಿ ಸಿಕ್ಕಿದ್ದರಲ್ಲಿ ದೊಡ್ಡದು ಕಾಲುದಾರಿಯ ಪಕ್ಕದ ಒಂದು ಮಣ್ಣಿನ ದಿಬ್ಬ. ಸುಮಾರು ಇಪ್ಪತ್ತು ಹೆಜ್ಜೆ ಉದ್ದ, ಅದರ ತುಂಬ ನೋಮಿಯಾ ಗುಂಪಿನ ಬಿಲಗಳು. ಒಂಟಿ ಜೇನುಗಳೇ, ಆದರೆ ಒಂದರ ಪಕ್ಕ ಒಂದು ಮನೆ ಮಾಡುತ್ತವೆ. ಇಂಥ ಜಾಗ ಅಲ್ಲಿ ಇನ್ನೊಂದು ಸಿಗಲಿಲ್ಲ.

ಇದರ ಜಾಗ ಬಹಿರಂಗ ಮಾಡಬೇಕಾ ಬೇಡವಾ ಅಂತ ಚರ್ಚೆ ಆಯಿತು. ಸಂಗ್ರಹಕಾರರು ಬಂದು ಅಗೆದರೆ? ಬೇಡ ಅಂತ ತೀರ್ಮಾನಿಸಿ, ನಕ್ಷೆಯಲ್ಲಿ ಬೇಕಂತಲೇ ಮಸುಕು ಮಾಡಿದೆವು. ನಾಲ್ವರೂ ಒಮ್ಮತದಿಂದ.

ಎರಡು ತಿಂಗಳಾದ ಮೇಲೆ ಹೋದರೆ ದಿಬ್ಬ ಇಲ್ಲ. ದಾರಿ ಅಗಲ ಮಾಡಲು ಯಂತ್ರ ಬಂದು ಅರ್ಧ ದಿನದಲ್ಲಿ ಸಮ ಮಾಡಿ ಹೋಗಿತ್ತು. ಕೆಲವು ಹೆಣ್ಣುಗಳು ಕಾಲಿನ ತುಂಬ ಪರಾಗ ಹೊತ್ತುಕೊಂಡು ಬಂದು, ಬಿಲ ಇದ್ದ ಜಾಗದ ಮೇಲೆ ಸುತ್ತುತ್ತಾ ಇಳಿಯಲು ಬಾಯಿ ಸಿಗದೆ ಮತ್ತೆ ಮೇಲೆದ್ದು ಸುತ್ತುತ್ತಿದ್ದವು. ವಿದ್ಯಾರ್ಥಿ ಅಲ್ಲೇ ಕೂತುಬಿಟ್ಟ.

ಯಂತ್ರ ತಂದವರನ್ನು ನಾನು ದೂರುವುದಿಲ್ಲ. ಅವರಿಗೆ ಅದು ಮಣ್ಣಿನ ದಿಬ್ಬ ಅಷ್ಟೇ, ಹೇಳಿದವರು ಯಾರು? ನಾವು ಇಡೀ ಜಗತ್ತಿನಿಂದ ಮುಚ್ಚಿಟ್ಟೆವು, ಆ ಜಗತ್ತಿನೊಳಗೆ ದಾರಿ ಅಗಲ ಮಾಡುವ ತೀರ್ಮಾನ ತಗೊಳ್ಳುವವರೂ ಇದ್ದರು. ಅಂತರ್ಜಾಲದಲ್ಲಿ ಜಾಗ ಹಾಕದಿರುವುದು ಈಗಲೂ ಸರಿ ಅನ್ನಿಸುತ್ತದೆ, ಈ ಬರಹದಲ್ಲಿ ಹೆಸರು ಇಲ್ಲದ್ದೂ ಅದಕ್ಕೇ. ಆದರೆ ಆ ನೆಲದ ಮೇಲೆ ಅಧಿಕಾರ ಇರುವ ನಾಲ್ಕೈದು ಜನರಿಗೆ ಹೋಗಿ, ಕೈ ಹಿಡಿದು ಕರೆದುಕೊಂಡು ಬಂದು ತೋರಿಸಬೇಕಿತ್ತು. ಅಜ್ಜಿಯ ಗೋಡೆಗೆ ಹಾಗೆ ಮಾಡಿದೆವು. ಮನೆಯವರು ಆ ಗೋಡೆಗೆ ಗಾರೆ ಹಾಕುವುದನ್ನು ಸದ್ಯಕ್ಕೆ ಬಿಟ್ಟಿದ್ದಾರೆ.

ಲೆಕ್ಕ

ಎರಡನೇ ವರ್ಷದ ಕೊನೆಗೆ ಒಟ್ಟು 58 ಪ್ರಭೇದ. ಅದರಲ್ಲಿ 31ಕ್ಕೆ ಪೂರ್ತಿ ಹೆಸರು, ಉಳಿದ 27ಕ್ಕೆ ಕುಲದ ಹೆಸರು ಮತ್ತು ಒಂದು ಸಂಖ್ಯೆ. ಕೆಲವು ಮಾದರಿಗಳ ಒಂದೊಂದು ಕಾಲನ್ನು ಡಿಎನ್ಎ ಬಾರ್‌ಕೋಡಿಗೆ ಕಳಿಸಿದೆವು. 658 ಅಕ್ಷರದಷ್ಟು ಉದ್ದದ ಒಂದು ತುಣುಕು ಓದಿ ಹೋಲಿಸುವ ವಿಧಾನ ಅದು. ಬೇರೆ ಬೇರೆ ಅನ್ನುವುದನ್ನು ಚೆನ್ನಾಗಿ ಹೇಳಿತು, ಹೆಸರು ಹೇಳಲಿಲ್ಲ. ಹೋಲಿಸಲು ಆ ಪ್ರಭೇದ ಯಾರಾದರೂ ಮೊದಲೇ ಓದಿಸಿಟ್ಟಿರಬೇಕಲ್ಲ. 27ಕ್ಕೆ ಹೆಸರಿಲ್ಲದೆ ವರದಿ ಕೊಡುವುದು ಅವಮಾನ ಅಂತ ನನಗೆ ಮೊದಲು ಅನ್ನಿಸಿತ್ತು. ತಜ್ಞರು ಹೇಳಿದ್ದು, ಹೆಸರಿಲ್ಲದೆ ಸೂಜಿ ಮತ್ತು ಚೀಟಿ ಇದ್ದರೆ ನಾಳೆ ಹೆಸರು ಬರುತ್ತದೆ, ತಪ್ಪು ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ತೆಗೆಯಲು ಇಪ್ಪತ್ತು ವರ್ಷ ಬೇಕು.

58ರಲ್ಲಿ 12 ಪ್ರಭೇದಗಳ ಒಂದೊಂದೇ ಜೇನು ಸಿಕ್ಕಿತ್ತು, 6 ಪ್ರಭೇದಗಳದ್ದು ಎರಡೆರಡು. ಒಂದೇ ಸಲ ಸಿಕ್ಕವು ಹೆಚ್ಚಿದ್ದಷ್ಟೂ ಸಿಗದೇ ಉಳಿದವೂ ಹೆಚ್ಚಿರುತ್ತವೆ ಅನ್ನುವುದರ ಮೇಲೆ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೊ 1984ರಲ್ಲಿ ಕೊಟ್ಟ ಒಂದು ಸರಳ ಲೆಕ್ಕ ಇದೆ. 12ರ ವರ್ಗ 144, ಅದನ್ನು 6ರ ಎರಡರಷ್ಟು, ಅಂದರೆ 12ರಿಂದ ಭಾಗಿಸಿದರೆ 12. ಅದನ್ನು 58ಕ್ಕೆ ಸೇರಿಸಿದರೆ 70. ಕಡಿಮೆ ಅಂದರೂ ಇಷ್ಟಿರಬೇಕು ಅನ್ನುವ ಅಂದಾಜು ಇದು.

ವಿದ್ಯಾರ್ಥಿ ಬೋರ್ಡಿನ ಮೇಲೆ 70 ಬರೆದು ನಮ್ಮ ಕಡೆ ತಿರುಗಿದ. ಮೊದಲ ವರ್ಷದ 71 ಎಲ್ಲರಿಗೂ ನೆನಪಾಯಿತು. ನೋಡಿ, ನಾವು ಆಗಲೇ ಹೇಳಿದ್ದೆವು ಅಂತ ಒಬ್ಬರು ನಗಾಡಿದರು. ನೊಣ, ಕಣಜ, ಒದ್ದೆ ಕೂದಲು, ಗಂಡ ಹೆಂಡತಿ ಎಲ್ಲ ಕೂಡಿ ಬಂದ 71 ಅದು. ಕಾಕತಾಳೀಯ ಅಷ್ಟೇ, ಆದರೂ ಆ ಹಳೇ ಕರಡು ಯಾರೂ ಬಿಸಾಡಿಲ್ಲ.

ಮತ್ತೆ ಮಾಡುವುದಾದರೆ ನಾನು ತಜ್ಞರಿಗೆ ಮೊದಲ ತಿಂಗಳೇ ಹತ್ತು ಮಾದರಿ ಕಳಿಸುತ್ತೇನೆ, ವರ್ಷದ ಕೊನೆಗೆ ರಾಶಿ ಕಳಿಸುವುದಿಲ್ಲ. ಹಣ ಕೊಡುವವರಿಗೆ ಸಂಖ್ಯೆಯ ಜೊತೆ ಎಷ್ಟು ಗಂಟೆ ಹುಡುಕಿದೆವು, ಯಾವ ಬಗೆಯಲ್ಲಿ ಹುಡುಕಿದೆವು ಅನ್ನುವುದನ್ನೂ ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಅವರನ್ನು ಕೊನೆಗೆ ಕೇಳಿದೆ, ಎರಡನೇ ವರ್ಷ ಯಾಕೆ ಕೊಟ್ಟಿರಿ ಅಂತ. ಪಟ್ಟಿಯಿಂದ ಯಾವುದು ಯಾಕೆ ಹೋಯಿತು ಅಂತ ಬರೆದಿದ್ದಿರಲ್ಲ, ಹಾಗೆ ಬರೆದುಕೊಟ್ಟವರು ಇನ್ನೊಬ್ಬರಿಲ್ಲ ಅಂದರು.

ಪೆಟ್ಟಿಗೆ ಈಗ ವಿದ್ಯಾರ್ಥಿಯ ಹತ್ತಿರ ಇದೆ. ಚರ್ಮ ತಿನ್ನುವ ಪುಟ್ಟ ಜೀರುಂಡೆಗಳು ಒಳಗೆ ನುಗ್ಗಿ ಎಲ್ಲವನ್ನೂ ಪುಡಿ ಮಾಡದಂತೆ ತಿಂಗಳಿಗೊಮ್ಮೆ ತೆಗೆದು ನೋಡುತ್ತಾನೆ. ಕೊನೇ ಸಾಲಿನಲ್ಲಿ ಆ "ಚಿಕ್ಕ ಕಪ್ಪು" ಐದರಲ್ಲಿ ಮೂರನೆಯದು, ಹದಿನಾಲ್ಕು ಜೇನು, ಎಲ್ಲವೂ ಹೆಣ್ಣು. ಪಕ್ಕದಲ್ಲಿ ಒಂದು ಖಾಲಿ ಸೂಜಿ ಚುಚ್ಚಿಟ್ಟಿದ್ದಾನೆ. ಅದರ ಕೆಳಗಿನ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದೆ: ಗಂಡು ಬೇಕು.